ಗೋಳಗುಮ್ಮಟದಲ್ಲಿ ಮುಗಿದ ಮುನಿಸು

ಗೆಳೆಯರೇ, ನಮ್ಮ ಸೋದರತ್ತೆ ಮತ್ತು ಮಾವ ಅಂತೂ ಒಂದೇ ಕಾರಿನಲ್ಲಿ ಗೋವಾಕ್ಕೆ ಹೊರಟರು. ಈಗ ನಿರಾಳವಾಗಿ ಚಹಾ ಕುಡಿಯುತ್ತಿದ್ದೇನೆ.

ನಿನ್ನೆ ಕಲಬುರಗಿಯಿಂದ ನಮ್ಮ ಮನೆಗೆ ಬಂದಿಳಿದಾಗಲೇ ಇಬ್ಬರ ನಡುವೆ ಮಾತಿರಲಿಲ್ಲ. ಇವತ್ತು ಬೆಳಗ್ಗೆ ಅತ್ತೆ, "ನಾ ಇಲ್ಲೇ ವಿಜಯಪುರದಾಗ ಇರತೇನಿ, ಅವರೊಬ್ಬರೇ ಹೋಗಲಿ" ಎಂದು ಕೂತುಬಿಟ್ಟರು. ಏನು ಮಾಡುವುದೆಂದು ತೋಚದೆ ಇಬ್ಬರನ್ನೂ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದೆ. ಜನ ಇನ್ನೂ ಬಂದಿರಲಿಲ್ಲ. ಮೇಲಿನ ಗ್ಯಾಲರಿಯಲ್ಲಿ ಮಾವ ನಮ್ಮನ್ನು ಬಿಟ್ಟು ಆಚೆ ಬದಿಗೆ ಹೋಗಿ ಕುಳಿತರು.

"ಏನಾತ್ರಿ ಅತ್ತಿ?" ಎಂದೆ.

ಅತ್ತೆ ಗೋಡೆಗೆ ಒರಗಿ ಸಣ್ಣ ದನಿಯಲ್ಲಿ, "ನಾ ಸಮುದ್ರ ನೋಡೇ ಇಲ್ಲವ್ವಾ. ಅಷ್ಟು ನೀರು ಅಂದ್ರ ಅಂಜಿಕಿ ಬರತೈತಿ. ಇವರಿಗೆ ಹೇಳಿದ್ರ ನಗ್ತಾರ" ಎಂದರು.

ಅಲ್ಲಿ ಪಿಸುಮಾತೂ ಆಚೆ ಗೋಡೆಗೆ ಮುಟ್ಟುತ್ತದೆ ಎನ್ನುವುದನ್ನು ಇಬ್ಬರೂ ಮರೆತಿದ್ದೆವು. ನಮ್ಮ ಕಿವಿಯ ಪಕ್ಕದಲ್ಲೇ ಮಾವನ ದನಿ ಕೇಳಿತು: "ನಗಂಗಿಲ್ಲ. ಕೈ ಹಿಡಕೊಂಡು ನಿಂದರತೇನಿ, ಬಾ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

ಕಾರು ಹತ್ತುವಾಗ ಮಾತ್ರ ನನ್ನ ಕಿವಿಯಲ್ಲಿ ಹೇಳಿದರು: "ಮನ್ಯಾಗ ಬಾಜೂಕ ನಿಂತು ಒದರಿದ್ರೂ ಇವರಿಗೆ ಕೇಳಸಂಗಿಲ್ಲ ನೋಡು."