ಹುಲ್ಲುಗಾಲುವೆಯ ಪಕೀರಮ್ಮ

ಲಿಂಗಸುಗೂರಿನ ನಮ್ಮ ಓಣಿಯಲ್ಲಿ ಮಳೆ ಬಂದರೆ ಮೇಲಿನವರ ನೀರೆಲ್ಲ ತಗ್ಗಿನಲ್ಲಿದ್ದ ಪಕೀರಮ್ಮನ ಮನೆಗೇ ಬರುತ್ತಿತ್ತು, ನೆಂಟರ ಹಾಗೆ, ಹೇಳದೆ ಕೇಳದೆ. ಮಣ್ಣಿನ ಮನೆ. ಓಣಿ ಕಡೆಯ ಗೋಡೆ ಪ್ರತಿ ಮಳೆಗಾಲ ಒಂದಿಷ್ಟು ಕರಗುತ್ತಿತ್ತು. ಗಂಡ ಗಿಡ್ಡಪ್ಪ ಹಮಾಲ. "ಗ್ವಾಡಿ ಬಿದ್ಮ್ಯಾಲ ನೋಡೂಣ, ಸುಮ್ನಿರಲೇ" ಎಂದು ಹೊದ್ದು ಮಲಗುವ ಧೀರ.

ಎಂಬತ್ತಾರರ ಬೇಸಿಗೆಯಲ್ಲಿ ಪಕೀರಮ್ಮ ಓಣಿಯ ಅಂಚಿನುದ್ದಕ್ಕೂ ಅಗಲವಾದ, ಆಳವಿಲ್ಲದ ಕಾಲುವೆ ತೋಡಿ, ಹಳ್ಳದ ದಂಡೆಯಿಂದ ಕರಿಕೆ, ಆಪು ಹುಲ್ಲು ಕಿತ್ತು ತಂದು ನೆಟ್ಟಳು. "ಗಟಾರದಾಗ ತ್ವಾಟ!" ಎಂದು ಓಣಿ ನಕ್ಕಿತು. ಮಳೆ ಬಂತು. ನೀರು ಹುಲ್ಲಿನಲ್ಲಿ ತಡವರಿಸಿ, ಕೆಸರನ್ನು ಅಲ್ಲೇ ಬಿಟ್ಟು, ಅರ್ಧ ನೆಲಕ್ಕೆ ಇಂಗಿ, ಉಳಿದದ್ದು ಸಂಭಾವಿತನಂತೆ ಹಳ್ಳ ಸೇರಿತು. ಗೋಡೆ ನೆನೆಯಲಿಲ್ಲ. ಓಣಿ ನಗುವುದನ್ನು ಬಿಟ್ಟು ಕಾಲುವೆಗೆ ಕಸ ಸುರಿಯತೊಡಗಿತು. ಒಪ್ಪಿಗೆ ಸೂಚಿಸುವ ನಮ್ಮ ಪದ್ಧತಿ ಅದು.

ಬೈದರೂ ಕೇಳದಿದ್ದಾಗ ಅವಳು ಬಟ್ಟೆ ಒಗೆಯುವ ಕಲ್ಲೊಂದನ್ನು ಹುಲ್ಲಿನ ನಡುವೆ ನಿಲ್ಲಿಸಿ ಕುಂಕುಮ ಬಳಿದಳು. ಕಸ ನಿಂತಿತು, ಭಕ್ತಿ ಶುರುವಾಯಿತು. ಮೊದಲು ತೆಂಗಿನಕಾಯಿ, ಆಮೇಲೆ ದುರ್ಗಮ್ಮ ಎಂಬ ಹೆಸರು, ಕೊನೆಗೆ ಕಾಳಿನ ವ್ಯಾಪಾರಿ ಶಿವಶರಣಪ್ಪನವರ ಧರ್ಮಬುದ್ಧಿ. "ತಾಯಿ ಗಟಾರದಾಗ ಕುಂತಾಳ, ಓಣಿಗೆ ಮರ್ಯಾದಿ ಐತೇನು?" ಎಂದವರೇ ತೊಂಬತ್ತೊಂದರಲ್ಲಿ ಹುಲ್ಲು ಕೆತ್ತಿಸಿ, ಕಲ್ಲಿನ ಸುತ್ತ, ಕಾಲುವೆಗೆ ಅಡ್ಡಲಾಗಿ, ಸಿಮೆಂಟಿನ ಕಟ್ಟೆ ಕಟ್ಟಿಸಿದರು.

ಮೊದಲ ಮಳೆಗೇ ನೀರು ಕಟ್ಟೆಗೆ ಬಡಿದು ಪಕೀರಮ್ಮನ ಗೋಡೆಯತ್ತ ತಿರುಗಿತು. ಬುಡ ಸಡಿಲವಾಯಿತು. ಅವಳು ಶಿವಶರಣಪ್ಪನವರ ಅಂಗಡಿಗೆ ಓಡಿದಳು.

"ಯಪ್ಪಾ, ಅದು ನಾ ಅರಿವಿ ಒಗಿಯೋ ಕಲ್ಲರೀ. ಕಟ್ಟಿ ಒಡಸ್ರಿ, ನನ್ನ ಮನಿ ಬೀಳತೈತಿ."

"ಹಂಗನಬ್ಯಾಡ, ನಾಲಿಗಿ ಬಿದ್ದೀತು. ನಿನ್ನ ಕೈಲೇ ತಾಯಿ ಬಂದಾಳ," ಎಂದರು ಶಿವಶರಣಪ್ಪ.

ಶುಕ್ರವಾರದ ಪೂಜೆಗೆ ಓಣಿಯೆಲ್ಲ ಸೇರಿದಾಗ ಮತ್ತೆ ಮೋಡ ಕಟ್ಟಿತ್ತು. ಪಕೀರಮ್ಮ ಕೂದಲು ಬಿಚ್ಚಿ, ಕಣ್ಣು ತಿರುಗಿಸಿ, ಗುಂಪಿನ ನಡುವೆ ಹೂಂಕರಿಸಿದಳು.

"ನನ್ನ ಹುಲ್ಲಿನ ಹಾಸಿಗಿ ಎಲ್ಲೈತಲೇ ಶಿವಶರಣಾ? ಉಸಿರು ಕಟ್ಟಾಕತ್ತೈತಿ! ಕಟ್ಟಿ ಒಡಿ, ನೀರು ಬಿಡು!"

ಸಾಹುಕಾರರೇ ಹಾರೆ ಹಿಡಿದರು. ಸಂಜೆಯೊಳಗೆ ಕಟ್ಟೆ ಮಾಯ. ಹೆಂಗಸರು ಪೈಪೋಟಿಯ ಮೇಲೆ ಕರಿಕೆ ನೆಟ್ಟರು. ಮಳೆ ಸುರಿಯಿತು. ಗೋಡೆ ಉಳಿಯಿತು. ನನಗೆ ನಗು ಬಂದದ್ದು ನಿಜ, ಸಂಕಟವಾದದ್ದೂ ನಿಜ.

ಪಕೀರಮ್ಮ ಕೂದಲು ಕಟ್ಟಿಕೊಂಡು ಮನೆಗೆ ಬಂದರೆ ಬಾಗಿಲಲ್ಲಿ ಗಿಡ್ಡಪ್ಪ ಕೈಮುಗಿದು ನಿಂತಿದ್ದ.

"ಒಳಗ ಬಾ, ತಾಯೀ."

ಮದುವೆಯಾದಂದಿನಿಂದ ಅವನು ತೋರಿದ ಮೊದಲ ಮರ್ಯಾದೆ ಅದು, ಅದೂ ಅವಳಿಗಲ್ಲ. ಅವಳು ಗೋಡೆಗೆ ಒರಗಿ ಗೊಳೋ ಎಂದು ಅತ್ತಳು. ತಾಯಿ ಮುನಿದಳೆಂದು ಹೆದರಿ ಅವನು ತೆಂಗಿನಕಾಯಿ ತರಲು ಓಡಿದ.