ಗಜಾನನ ಸರ್ ಕಂಬಳಿಯ ಮೇಲೆ ಪಡೆದ ಮಾತು

ಗಜಾನನ ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕ. ಅಷ್ಟುದ್ದ ಹುದ್ದೆಯ ಹೆಸರು ಯಾರ ಬಾಯಿಗೂ ಒಗ್ಗದೆ ಎಲ್ಲರಿಗೂ ಅವನು ಪೀಟಿ ಸರ್. ನಾನು ಕಾಂತಾ, ಅದೇ ಕಾಲೇಜಿನಲ್ಲಿ ಕನ್ನಡ ಕಲಿಸುವವಳು. ಸ್ಟಾಫ್ ರೂಮಿನಲ್ಲಿ ನಮ್ಮ ಕುರ್ಚಿಗಳು ಅಕ್ಕಪಕ್ಕ ಇರುವುದರಿಂದ ಅವನ ಸಿಟ್ಟಿನ ಮೊದಲ ಪಾಲು ನನಗೇ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಅದಕ್ಕೇ ಈ ಏಕವಚನ.

ಖಾನಾಪುರ ತಾಲೂಕಿನ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವನು. ಫುಟ್‌ಬಾಲ್ ಆಡುತ್ತ ಬೆಳಗಾವಿಗೆ ಬಂದ, ಆಡುತ್ತಲೇ ಡಿಗ್ರಿ ಮುಗಿಸಿದ, ಕೊನೆಗೆ ಆಡಿಸುವ ನೌಕರಿಯನ್ನೇ ಹಿಡಿದ. ಆಡುವ ಕಾಲದಲ್ಲಿ ಅವನಿಗೆ ಆಟದಿಂದ ಸಿಕ್ಕಿದ್ದು ಒಂದು ಜೋಡಿ ಹಳೆಯ ಬೂಟು. ಅದೂ ಒಂದು ನಂಬರ್ ದೊಡ್ಡದು. ಮುಂದಕ್ಕೆ ಅರಿವೆ ತುರುಕಿಕೊಂಡು ಆಡಿದ ಕಥೆಯನ್ನು ಪ್ರತಿ ವರ್ಷ ಹೊಸ ಹುಡುಗಿಯರಿಗೆ ಹೇಳುತ್ತಾನೆ. ಆಟಗಾರರಿಗೆ ಅದಕ್ಕಿಂತ ಹೆಚ್ಚು ಸಿಗಬಾರದು ಎಂಬ ಹಟ ಅವನೊಳಗೆ ಎಲ್ಲೋ ಕುಳಿತುಬಿಟ್ಟಿತ್ತೆಂದು ನನ್ನ ಗುಮಾನಿ.

ಹುಡುಗಿಯರ ತಂಡ ಕಟ್ಟಿದವನು ಅವನೇ. ಅದಕ್ಕೆ ಅವನದೇ ಒಂದು ಪದ್ಧತಿ ಇತ್ತು. ರವಿವಾರ ಬಂತೆಂದರೆ ಹಳ್ಳಿಗಳ ಮೈದಾನ ತಿರುಗುತ್ತಿದ್ದ. ಗೋಲು ಹೊಡೆದವಳ ಹೆಸರು ಕೇಳುತ್ತಿರಲಿಲ್ಲ. ಬಾಜು ಹೊಲದೊಳಗೆ ಹೋದ ಚೆಂಡನ್ನು ಯಾರಿಗೂ ಕಾಯದೆ ಓಡಿಹೋಗಿ ತರುವವಳು ಯಾರು ಎಂದು ನೋಡುತ್ತಿದ್ದ. ಆಮೇಲೆ ಅವಳ ಮನೆಗೆ ಹೋಗಿ ಚಹಾ ಕುಡಿದು, ತಾಯಿಯ ಹತ್ತಿರ ಹಾಸ್ಟೆಲಿನ ಮಾತಾಡಿ, ಸೀಟು ಗಟ್ಟಿ ಮಾಡಿ ಬರುತ್ತಿದ್ದ. ಫೀ ಮಾಫಿ, ಬೂಟು, ಮ್ಯಾಚ್ ಮುಗಿದ ಮೇಲೆ ತಲೆಗೆ ಎರಡು ಬಾಳೆಹಣ್ಣು. ಇಷ್ಟರಲ್ಲೇ ನಮ್ಮ ಕಪಾಟು ಕಪ್ಪುಗಳಿಂದ ತುಂಬಿತ್ತು.

ಆಮೇಲೆ ಊರಿನ ಆಚೆ ಬದಿ ಒಂದು ಹೊಸ ಖಾಸಗಿ ಕಾಲೇಜು ಎದ್ದಿತು. ಅವರು ಆಟಗಾರರಿಗೆ ತಿಂಗಳು ತಿಂಗಳು ಪಗಾರ ಕೊಡತೊಡಗಿದರು. ಊಟ ಬೇರೆ, ಗಾಯವಾದರೆ ಡಾಕ್ಟರ್ ಬೇರೆ. ಗಜಾನನನ ಮುಂಪಡೆಯ ಇಬ್ಬರು ಹುಡುಗಿಯರು ಒಂದೇ ವಾರದಲ್ಲಿ ಟಿ.ಸಿ. ಕೇಳಿದರು. ಹೊಸಬರಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ, "ಸರ್, ತಿಂಗಳಾ ಎಷ್ಟ ಕೊಡ್ತೀರಿ?"

"ಮೇಡಂ, ಇವರೇನು ಆಟಗಾರರೋ, ಸಂತ್ಯಾಗಿನ ಕುರಿಗೋಳೋ?" ಎಂದು ನನ್ನ ಮೇಲೆ ಹಾಯ್ದ.

"ನೀನೂ ಪಗಾರ ತಗೋತೀಯಲ್ಲೋ?" ಅಂದೆ. ಎರಡು ದಿನ ಮಾತು ಬಿಟ್ಟ.

ಆ ಹೊತ್ತಿಗೆ ಅವನ ಕಣ್ಣು ಬಿದ್ದದ್ದು ಪಾರಿಶ್ವಾಡದ ತ್ರಿವೇಣಿಯ ಮೇಲೆ. ಖಾನಾಪುರದಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದ ಗೋಲ್‌ಕೀಪರ್. ಉದ್ದ ಕೈ, ಎದೆಯಲ್ಲಿ ಅಂಜಿಕೆ ಎಂಬುದೇ ಇಲ್ಲ. ಎಡಗಡೆ ಕೆಳಗೆ ಬರುವ ಚೆಂಡು ಮಾತ್ರ ಒಮ್ಮೊಮ್ಮೆ ತಪ್ಪುತ್ತಿತ್ತು. ಅವಳು ಸಿಕ್ಕರೆ ತಂಡ ಮತ್ತೆ ನಿಲ್ಲುತ್ತದೆಂದು ಗಜಾನನನ ಲೆಕ್ಕ. ಹೊಸ ಕಾಲೇಜಿನವರು ಮೂಸಿ ನೋಡುವ ಮೊದಲೇ ಹೋಗಬೇಕೆಂದು ಪರೀಕ್ಷೆ ಮುಗಿಯುವುದಕ್ಕೂ ಕಾಯಲಿಲ್ಲ. ಹೆಂಗಸೊಬ್ಬಳು ಜೊತೆಗಿದ್ದರೆ ತಾಯಿಗೆ ಧೈರ್ಯ ಎಂದು ನನ್ನನ್ನೂ, ನನ್ನ ಹಳೆಯ ಕಾರನ್ನೂ ಹೊರಡಿಸಿದ.

ತ್ರಿವೇಣಿಯ ಅಪ್ಪ ಭರಮಪ್ಪ ಇನ್ನೂ ಕುರಿ ಕಾಯುವ ಮನುಷ್ಯ. ಅಂಗಳದಲ್ಲಿ ಕಾಳಗದ ಟಗರೊಂದನ್ನು ಕಟ್ಟಿದ್ದ. ನಮ್ಮನ್ನು ಕಂಡ ಕೂಡಲೇ ಅವನು ಚಾಪೆ ಹಾಸಲು ಹೋದ.

"ಚಾಪಿ ಬ್ಯಾಡ ಮಾವಾ, ಕಂಬಳಿ ಹಾಸ್ರಿ" ಅಂದ ಗಜಾನನ.

ಭರಮಪ್ಪ ಒಂದು ಕ್ಷಣ ಅವನ ಮುಖ ನೋಡಿದ. ಆಮೇಲೆ ಒಳಗಿನಿಂದ ಕರಿ ಕಂಬಳಿ ತಂದು ಹಾಸಿದ. ಇಬ್ಬರೂ ಅದರ ಮೇಲೆ ಕುಳಿತರು. ತ್ರಿವೇಣಿ ನಿಮ್ಮ ಕಾಲೇಜಿಗೇ ಬರುತ್ತಾಳೆ ಎಂದು ಹೇಳಿ ಭರಮಪ್ಪ ಎಲೆ ಅಡಿಕೆ ಕೊಟ್ಟ, ಗಜಾನನ ಎರಡೂ ಕೈಯೊಡ್ಡಿ ತೆಗೆದುಕೊಂಡ. ತ್ರಿವೇಣಿ ಮನೆಯಲ್ಲಿರಲಿಲ್ಲ, ಪ್ರ್ಯಾಕ್ಟೀಸಿಗೆ ಹೋಗಿದ್ದಳು.

ಹಿಂದಿರುಗುವಾಗ ದೇಸೂರ ದಾಟಿದ ಮೇಲೆ ಗಜಾನನ ನನಗೆ ಬಿಡಿಸಿ ಹೇಳಿದ. ಅವರ ಮನೆತನಗಳಲ್ಲಿ ಕಂಬಳಿಯ ಮೇಲೆ ಕುಳಿತು ಕೊಟ್ಟ ಮಾತನ್ನು ಕೊಟ್ಟವನು ಮುರಿಯುವಂತಿಲ್ಲ. ತೆಗೆದುಕೊಂಡವನೇ ಬಂದು ತಿರುಗಿ ಕೊಡಬೇಕು.

"ಇನ್ನ ಯಾವ ಕಾಲೇಜಿನಾವ ಬಂದ್ರೂ ಆ ಹುಡುಗಿ ಅಲುಗೂದಿಲ್ರಿ ಮೇಡಂ" ಎಂದು ತೊಡೆ ತಟ್ಟಿಕೊಂಡ. ನನಗೆ ಮೈಯುರಿಯಿತು. ಅಜ್ಜಂದಿರ ಕಾಲದ ಪದ್ಧತಿಯನ್ನು ಬೀಗ ಮಾಡಿಕೊಂಡು ಹುಡುಗಿಯನ್ನು ಕೂಡಿಹಾಕಿದ್ದೀಯ ಎಂದು ಬೈದೆ. ಅವನು ಕಿಟಕಿಯಾಚೆ ನೋಡುತ್ತ ಸಿಳ್ಳೆ ಹಾಕಿದ.

ಪರೀಕ್ಷೆ ಮುಗಿದ ಮೇಲೆ ಒಂದು ಮಧ್ಯಾಹ್ನ ತ್ರಿವೇಣಿ ಒಬ್ಬಳೇ ಬಸ್ಸು ಹತ್ತಿ ಬೆಳಗಾವಿಗೆ ಬಂದಳು. ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತಳು.

"ಸರ್, ಆ ಕಾಲೇಜಿನವ್ರು ನಮ್ಮ ಮನಿಗೆ ಬಂದಿದ್ರು. ಪಗಾರ ಕೊಡ್ತಾರಂತ. ಅಪ್ಪ ಮಾತ ಕೊಟ್ಟಾಗೇತಿ ಅಂತ ಹೇಳಿ ಕಳಿಸಿಬಿಟ್ಟ."

"ಛಲೋ ಮಾಡ್ಯಾರ" ಅಂದ ಗಜಾನನ.

"ಛಲೋ ಅಲ್ರಿ. ಸೋದರಮಾವ ನನಗ ಗಂಡು ನೋಡ್ಯಾನ. ನಿಮ್ಮ ಕಾಲೇಜಿಗೆ ಹ್ವಾದ್ರ ಒಂದ ವರ್ಷ, ಆಮ್ಯಾಲ ಲಗ್ನ ಅಂತ ಅವ್ವ ಒಪ್ಪಿಬಿಟ್ಟಾಳ. ನಾ ಮನಿಗೆ ಪಗಾರ ತಂದ್ರ ಯಾರೂ ಅವಸರ ಮಾಡೂದಿಲ್ರಿ. ಡಿಗ್ರಿ ಮುಗಿಯೂತನಾ ಆಡ್ತೀನಿ."

"ಆಟಾ ರೊಕ್ಕಕ್ಕ ಆಡೂದಲ್ಲ, ತ್ರಿವೇಣಿ. ನಾನು ಒಂದ ಜೋಡಿ ಬೂಟಿನ ಮ್ಯಾಲೆ—"

"ನಮ್ಮ ಅಂಗಳದಾಗ ಟಗರ ನೋಡೀರಿ ಹೌದಲ್ರಿ?" ಹುಡುಗಿ ನಡುವೆಯೇ ಬಾಯಿ ಹಾಕಿದಳು. "ಕಾಳಗಕ್ಕ ಬಿಡೂ ಮೊದಲು ಅಪ್ಪ ಅದಕ್ಕ ದಿನಾ ಹಾಲು ಕುಡಸ್ತಾನ, ತತ್ತಿ ತಿನಸ್ತಾನ. ನಿಮ್ಮ ಹುಡುಗ್ಯಾರಿಗೆ ಕಾಳಗಾ ಮುಗದ ಮ್ಯಾಲೆ ಎರಡು ಬಾಳಿಹಣ್ಣು. ಅಪ್ಪನ ಕಡೆ ಮಾತ ತಗೊಂಡ್ರಿ, ನನ್ನ ಯಾಕ ಕೇಳ್ಲಿಲ್ರಿ?"

ಗಜಾನನ ಕೆಂಪಾದ. "ದೊಡ್ಡವರ ಮುಂದ ಹಿಂಗ ಮಾತಾಡ್ತಾರೇನ? ಹೋಗು, ಬಸ್ ತಪ್ಪತೈತಿ" ಎಂದು ಎದ್ದು ಮೈದಾನಕ್ಕೆ ಹೋಗಿಬಿಟ್ಟ. ಹುಡುಗಿ ಅಳಲಿಲ್ಲ. ನಾನೇ ಅವಳನ್ನು ಸ್ಟ್ಯಾಂಡಿನವರೆಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಅವನಿಗೆ ನಾಲ್ಕು ಬಿಗಿಯುವಷ್ಟು ಸಿಟ್ಟು ನನ್ನೊಳಗಿತ್ತು.

ಆ ವಾರವೆಲ್ಲ ಗಜಾನನ ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದ. ಶನಿವಾರ ಹುಡುಗಿಯರಿಗೆ ಬಾಳೆಹಣ್ಣು ಹಂಚುತ್ತಿದ್ದವನು ಗೊನೆಯನ್ನೊಮ್ಮೆ, ಹುಡುಗಿಯರನ್ನೊಮ್ಮೆ ನೋಡಿ, ಅದನ್ನು ಅವರ ಕೈಗೇ ಕೊಟ್ಟು ಹೊರಟುಹೋದದ್ದನ್ನು ನಾನು ವರಾಂಡದಿಂದ ಕಂಡೆ. ಅಂದು ಸಂಜೆ ಸದಾಶಿವನಗರದ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತು ಕೇಳಿದ: "ಮೇಡಂ, ನಾಳಿ ಗಾಡಿ ತಗೀತೀರೇನ್ರಿ? ಪಾರಿಶ್ವಾಡಕ್ಕ ಹೋಗೂಣು."

ಮರುದಿನ ಬೆಳಿಗ್ಗೆ ಹೊರಟೆವು. ದೇಸೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ, "ಈ ವರ್ಷ ನಮ್ಮ ಟೀಮ್ ಮಣ್ಣ ಮುಕ್ಕತೈತ್ರಿ" ಎಂದ. ಚಹಾ ಅರ್ಧಕ್ಕೇ ಬಿಟ್ಟ.

ಭರಮಪ್ಪ ಕೇಳುವ ಮೊದಲೇ ಗಜಾನನ ಕಂಬಳಿ ಹಾಸಲು ಹೇಳಿದ. ಕುಳಿತು, ಜೇಬಿನಿಂದ ಎಲೆ ಅಡಿಕೆ ತೆಗೆದ.

"ತಿರುಗಿ ಕೊಡಾಕ ಬಂದೀಯೇನ?" ಭರಮಪ್ಪನ ದನಿ ಗಡಸಾಯಿತು. "ನನ್ನ ಮಾತಿನಾಗ ಏನ ಖೋಡಿ ಕಂಡಿ?"

"ನಿಮ್ಮ ಮಾತಿನಾಗ ಏನೂ ಇಲ್ಲ, ಮಾವಾ. ನಾ ಅದನ್ನ ಕೇಳಬಾರದವರ ಕಡೆ ಕೇಳಿದ್ದೆ. ತ್ರಿವೇಣಿನ ಕರೀರಿ, ಇಲ್ಲಿ ಕುಂದರಸ್ರಿ."

ಭರಮಪ್ಪ ಹೆಂಡತಿ ಭೀಮಕ್ಕನ ಕಡೆ ನೋಡಿದ. ಹಿರಿಯರು ಮಾತು ಕೊಡುವ ಕಂಬಳಿಯ ಮೇಲೆ ಆ ಮನೆಯ ಹೆಣ್ಣುಮಕ್ಕಳು ಯಾರೂ ಕುಳಿತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಭೀಮಕ್ಕ ಮಗಳ ಬೆನ್ನಿಗೆ ಕೈ ಹಚ್ಚಿ ಮುಂದೆ ದೂಡಿದಳು. ತ್ರಿವೇಣಿ ಕಂಬಳಿಯ ಅಂಚಿನಲ್ಲಿ ಕುಳಿತಳು. "ಎಲ್ಲಿ ಆಡೂದು ಅನ್ನೂದು ಇನ್ನ ನಿನ್ನ ಮಾತು" ಎಂದು ಗಜಾನನ ಎಲೆ ಅಡಿಕೆಯನ್ನು ಅವಳ ಕೈಯಲ್ಲಿಟ್ಟ. ನನ್ನ ಕಣ್ಣು ತುಂಬಿ ಬಂತು, ಟಗರು ನೋಡುವ ನೆಪ ಮಾಡಿ ಆಚೆ ತಿರುಗಿದೆ.

"ಸರ್, ನಮ್ಮ ಮ್ಯಾಲೆ ಮ್ಯಾಚ್ ಬಂದ್ರ, ನನ್ನ ಎಡಗಡೆ ಹೊಡೀರಿ ಅಂತ ನಿಮ್ಮ ಹುಡುಗ್ಯಾರಿಗೆ ಹೇಳಿಕೊಡ್ತೀರೇನ್ರಿ?" ತ್ರಿವೇಣಿ ಕೇಳಿದಳು.

"ಹೇಳದ ಬಿಡ್ತೀನೇನ?" ಅಂದ ಗಜಾನನ. ಆಗ ಭರಮಪ್ಪನೂ ನಕ್ಕ.

ಚಳಿಗಾಲದ ಅಂತರ ಕಾಲೇಜು ಪಂದ್ಯದಲ್ಲಿ ತ್ರಿವೇಣಿ ಸೇರಿದ ಆ ಹೊಸ ಕಾಲೇಜೇ ನಮಗೆ ಎದುರಾಯಿತು. ನಮ್ಮವರು ಪಂದ್ಯದುದ್ದಕ್ಕೂ ಎಡಗಡೆಗೇ ಹೊಡೆದರು. ಹುಡುಗಿ ಎಡಗಡೆಯನ್ನು ತಿದ್ದಿಕೊಂಡಿದ್ದಳು, ಒಂದನ್ನೂ ಬಿಡಲಿಲ್ಲ. ನಾವು ಒಂದು ಗೋಲಿನಿಂದ ಸೋತೆವು.

ನಮ್ಮವರು ಗೆರೆಯಾಚೆ ಕುಳಿತು ಬಾಳೆಹಣ್ಣು ಸುಲಿಯುತ್ತಿದ್ದಾಗ ತ್ರಿವೇಣಿ ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದಳು. ಒಳಗೆ ಕುದಿಸಿದ ಕೋಳಿ ತತ್ತಿಗಳು.

"ನಮ್ಮಲ್ಲಿ ಉಳದಾವ್ರಿ, ಸರ್" ಎಂದು ಎಲ್ಲರಿಗೂ ಹಂಚಿದಳು. ಬದಲಿಗೆ ಒಂದು ಬಾಳೆಹಣ್ಣು ಕೇಳಿ ಇಸಿದುಕೊಂಡಳು. "ಸೋದರಮಾವ ಈಗ ಲಗ್ನದ ಮಾತ ಎತ್ತೂದಿಲ್ರಿ" ಎಂದು ನನಗೆ ಹೇಳಿ ತನ್ನ ತಂಡದ ಕಡೆ ಓಡಿದಳು. ಗಜಾನನ ತನ್ನ ಪಾಲಿನ ತತ್ತಿ ತಿನ್ನದೆ ಜೇಬಿಗಿಟ್ಟ.

ಮರುದಿನ ಪ್ರಿನ್ಸಿಪಾಲ್ ಬಸಲಿಂಗಪ್ಪನವರು ಅವನನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ. ಇಷ್ಟು ವರ್ಷ ಗೆದ್ದ ತಂಡ ಈ ಸಲ ಯಾಕೆ ಸೋತಿತೆಂದು ಅವರು ಗರಂ ಆಗಿ ಕೇಳಿದರು.

ಗಜಾನನ ಜೇಬಿಗೆ ಕೈ ಹಾಕಿ ಆ ತತ್ತಿಯನ್ನು ಮೆಲ್ಲಗೆ ಅವರ ಮೇಜಿನ ಮೇಲಿಟ್ಟ.

"ಇದಕ್ರಿ" ಅಂದ.