ಪಶ್ಚಿಮಕ್ಕೆ ತಿರುಗಿದ ಆರು ಮಂಚ

ಕಾಲು ಮುರಿದುಕೊಂಡು ನಾನು ಆಸ್ಪತ್ರೆ ಸೇರಿದಾಗ ನಮ್ಮ ವಾರ್ಡನ್ನು ಆಳುತ್ತಿದ್ದವರು ಕೊರಳಲ್ಲಿ ಶಿಲುಬೆ ಧರಿಸಿದ್ದ ನರ್ಸಮ್ಮ. ಏನು ಕೇಳಿದರೂ ಸೆರಗು ಸಿಕ್ಕಿಸಿ, “ಅದಕ್ಕೇನಂತೆ” ಅನ್ನುವರು.

ಪಕ್ಕದ ಮಂಚದಲ್ಲಿ ಎತ್ತಿನಗಾಡಿಯ ಸಾಬರು ಕೊನೆಯ ದಿನ ಎಣಿಸುತ್ತಿದ್ದರು. ಪ್ರಾಣ ಹೋಗುವಾಗ ಮುಖ ಮಕ್ಕಾದ ಕಡೆಗೆ, ಪಶ್ಚಿಮಕ್ಕಿರಬೇಕು ಎಂಬುದೊಂದೇ ಅವರ ಆಸೆ. ಆದರೆ ಒಂದು ಮಂಚ ಸಾಲು ತಪ್ಪಿದರೂ ನಮ್ಮ ಡಾಕ್ಟರಿಗೆ ಸರ್ಕಾರವೇ ಉರುಳಿದಂತೆ.

“ಅದಕ್ಕೇನಂತೆ,” ಎಂದ ನರ್ಸಮ್ಮ ವಾರ್ಡಿನ ಆರೂ ಮಂಚಗಳನ್ನು ಒಟ್ಟಿಗೇ ತಿರುಗಿಸಲು ನಿಂತರು.

ಕೊನೆಯ ಮಂಚದ ಹುಲಿಕಲ್ಲಿನ ಗೌಡರು ಹೌಹಾರಿದರು. “ಉತ್ತರಕ್ಕೆ ತಲೆ ಹಾಕಲ್ಲ ಕಣಮ್ಮ, ನಂಗಿನ್ನೂ ಬದುಕೋದಿದೆ!”

“ನಿಮ್ಮ ತಲೆ ಪೂರ್ವಕ್ಕೆ ಬರುತ್ತೆ ಗೌಡ್ರೇ.”

“ಹಂಗಾದ್ರೆ ತಿರುಗ್ಸಿ.”

ಮರುದಿನ ಡಾಕ್ಟರು ಬಾಗಿಲಲ್ಲೇ ನಿಂತು ನೋಡಿದರು. ಸಾಲು ನೆಟ್ಟಗಿತ್ತು, ಬೈಯಲು ಕಾರಣ ಸಿಗಲಿಲ್ಲ.

ಮಧ್ಯಾಹ್ನ ಸಾಬರು ಪಶ್ಚಿಮದ ಕಿಟಕಿಯನ್ನೇ ನೋಡುತ್ತ ಪ್ರಾಣ ಬಿಟ್ಟರು. ನರ್ಸಮ್ಮ ಮೆಲ್ಲಗೆ ಅವರ ಕಣ್ಣು ಮುಚ್ಚಿಸಿದರು. ಗೌಡರು ಮಲಗಿದಲ್ಲಿಂದಲೇ ಆ ಕಿಟಕಿಗೆ ಕೈಮುಗಿದರು.